ಅಳತೆಯ ಮರ

ನನ್ನ ಮಗ ತೀರಿಕೊಂಡ ಮೇಲೆ ಅವನು ನಿಂತು ಮೈ ಅಲುಗಿಸುವುದನ್ನು ನಾನು ಮತ್ತೆ ನೋಡಿದೆ. ಹೀಗೆಂದರೆ ಮುದುಕನಿಗೆ ಅರಳು ಮರಳು ಎಂದಾರು. ಅನ್ನಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ದರ್ಜಿ. ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಒಪ್ಪುವುದಿಲ್ಲ. ಆದರೂ ದಾರಿಯಲ್ಲಿ ಹೋಗುವವನ ಮೈಯಳತೆಯನ್ನು ಕೂತಲ್ಲಿಂದಲೇ ಹೇಳಬಲ್ಲೆ. ಬದುಕಿಡೀ ಜನರನ್ನು ಬೆನ್ನ ಕಡೆಯಿಂದ ನೋಡಿದವನಿಗೆ ಮುಖ ಮರೆತರೂ ಬೆನ್ನು ಮರೆಯುವುದಿಲ್ಲ. ನನ್ನ ಮಗ ವಿದ್ಯುತ್ ಕೆಲಸದವನು. ನೀಳ ಆಳು, ಹೆಗಲ ಮೇಲೆ ಸದಾ ಏಣಿ. ಜೊತೆಯವರು ಅವನನ್ನೇ ಏಣಿ ಎಂದು ಕರೆಯುತ್ತಿದ್ದರು. "ಏಣೀ, ಏಣಿ ತಗೊಂಡ್ ಬಾರೋ, ಬೇಡ ಬಿಡು, ನೀನೇ ಬಾ ಸಾಕು" ಎಂದು ಅವರು ಕೂಗುವುದು ನನ್ನ ಅಂಗಡಿಯವರೆಗೂ ಕೇಳುತ್ತಿತ್ತು. ಆ ಏಣಿಯ ಭಾರಕ್ಕೆ ಅವನ ಎಡ ಹೆಗಲು ಒಂದು ಬೆರಳು ಇಳಿದಿತ್ತು. ಅವನಿಗೆ ಅಂಗಿ ಕತ್ತರಿಸುವಾಗ ಆ ಒಂದು ಬೆರಳನ್ನು ನಾನು ಯಾರಿಗೂ ಹೇಳದೆ ಸರಿಮಾಡುತ್ತಿದ್ದೆ. ಅಂಗಿ ತೊಟ್ಟರೆ ಎರಡೂ ಹೆಗಲು ಸಮನಾಗಿ ಕಾಣುತ್ತಿದ್ದವು.

ನಮ್ಮ ಊರಿನ ದೊಡ್ಡ ಸಭಾಂಗಣಕ್ಕೆ ಊರೂರು ತಿರುಗುವ ಪ್ರದರ್ಶನವೊಂದು ಬಂದಿತು. ಮನುಷ್ಯ ಮತ್ತು ನಿಸರ್ಗ ಎಂಬುದು ಅದರ ವಿಷಯ. ಚಿತ್ರಗಳೆಂದರೆ ಚೌಕಟ್ಟು ಹಾಕಿ ಮೊಳೆಗೆ ನೇತುಹಾಕಿದ ಚಿತ್ರಗಳಲ್ಲ. ಎಲ್ಲವೂ ಕಂಪ್ಯೂಟರಿನಿಂದ ಗೋಡೆಗೂ ನೆಲಕ್ಕೂ ಬಿಡುವ ಬೆಳಕು. ಒಂದು ಕೋಣೆಯಲ್ಲಿ ನೆಲವೇ ಸಮುದ್ರ, ಕಾಲಿಟ್ಟಲ್ಲೆಲ್ಲ ಮೀನುಗಳು ಚದುರಿ ಪ್ಲಾಸ್ಟಿಕ್ ಚೀಲಗಳು ತೇಲುತ್ತಿದ್ದವು. ಇನ್ನೊಂದರಲ್ಲಿ ಮಂಜಿನ ಗುಡ್ಡ, ಜನ ಜೋರಾಗಿ ಮಾತಾಡಿದಷ್ಟೂ ಕರಗುತ್ತಿತ್ತು. ಕೊನೆಯ ಕೋಣೆಯ ಗೋಡೆಯ ತುಂಬ ಕಾಡು. ನೆಲದ ಮೇಲೆ ಬಿಳಿ ಗೆರೆಯ ಒಂದು ವೃತ್ತ. ಅದರೊಳಗೆ ನಿಂತವರನ್ನು ಕ್ಯಾಮೆರಾ ನೋಡಿ, ಅವರ ನಿಲುವು ಚಲನೆಗಳನ್ನೆಲ್ಲ ತೆಗೆದುಕೊಂಡು ಗೋಡೆಯ ಮೇಲೆ ಒಂದು ಮರ ಮಾಡುತ್ತಿತ್ತು. ಕೈ ಎತ್ತಿದರೆ ಕೊಂಬೆ ಏಳುವುದು, ಸೊಂಟ ತಿರುಗಿಸಿದರೆ ಕಾಂಡ ತಿರುಗುವುದು.

ಇದಕ್ಕೆಲ್ಲ ತಂತಿ ಎಳೆಯುವ ಕೆಲಸ ನನ್ನ ಮಗನಿಗೆ ಸಿಕ್ಕಿತ್ತು. ಯಂತ್ರವನ್ನು ಹದ ಮಾಡಲು ಮೊದಲು ಒಬ್ಬ ಮನುಷ್ಯ ಬೇಕಾಗಿದ್ದನಂತೆ. ಹತ್ತಿರವಿದ್ದವನು ಇವನೇ. ಆ ಸಂಜೆ ಊಟಕ್ಕೆ ಕೂತಾಗ ನಗುತ್ತ ಹೇಳಿದ.

"ಅಪ್ಪ, ಇವತ್ತು ನನ್ನನ್ನ ಮರ ಮಾಡಿಬಿಟ್ರು."

"ಹೊಸದಾಗಿ ಮಾಡೋದೇನು ಬಂತು?" ಎಂದಳು ಸೊಸೆ. "ಹತ್ತು ಸಲ ಕರೆದ್ರೂ ಓ ಅನ್ನಲ್ಲ. ಮೊದಲಿಂದ್ಲೂ ಮರಾನೇ."

"ಬಂದು ನೋಡೇ. ನಿನ್ನ ಗಂಡನಿಗೆ ಎಷ್ಟು ಎಲೆ ಇದೆ ಅಂತ."

"ತಲೇಲಿ ಉದುರಿದ್ದೆಲ್ಲ ಅಲ್ಲಿಗೆ ಹೋಗಿದೆಯೇನೋ."

ರಜೆಯ ದಿನ ಮೂವರೂ ಹೋಗುವುದೆಂದು ಮಾತಾಯಿತು. ಆ ರಜೆಗೆ ಮುಂಚೆಯೇ, ಕೆಲಸ ಮುಗಿಸಿ ಬರುವಾಗ ತಿರುವಿನಲ್ಲಿ ಲಾರಿ ಅವನ ಸ್ಕೂಟರಿಗೆ ಹಾಯ್ದಿತು.

ಆಸ್ಪತ್ರೆಯಲ್ಲಿ ಅವನನ್ನು ಪೂರಾ ಸುತ್ತಿ ಇಟ್ಟಿದ್ದರು. "ನೀವು ನೋಡಬೇಡಿಮ್ಮ, ಇದ್ದ ಹಾಗೇ ನೆನಪಿಟ್ಕೊಳ್ಳಿ" ಎಂದು ವೈದ್ಯರು ಸೊಸೆಗೆ ಹೇಳಿದರು. ಅವಳು ಒಪ್ಪಿ ಹೊರಗೆ ಬೆಂಚಿನ ಮೇಲೆ ಕೂತಳು. ಗುರುತು ಹೇಳಲು ಯಾರಾದರೂ ಬೇಕಿತ್ತು. ನಾನು ಒಳಗೆ ಹೋದೆ. ಏನು ನೋಡಿದಿರಿ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆದರೆ ನೋಡದೆ ಕಳಿಸಿಕೊಟ್ಟೆನೆಂಬುದು ಅವಳ ಗಂಟಲಲ್ಲಿ ಮುಳ್ಳಾಗಿ ಉಳಿಯಿತು. ತಟ್ಟೆಯ ಮುಂದೆ ಕೂತವಳು ಇದ್ದಕ್ಕಿದ್ದಂತೆ, "ಒಂದೇ ಸಲ ನೋಡಬೇಕಿತ್ತು ಮಾವ. ನಿಂತಿರೋದನ್ನ" ಎನ್ನುತ್ತಿದ್ದಳು. ಫೋಟೋಗಳೇನೋ ಇದ್ದವು. ಕ್ಯಾಮೆರಾ ಕಂಡರೆ ಸಂಕೋಚಪಡುವ ಹುಡುಗ ಅವನು. ಫೋಟೋದಲ್ಲೆಲ್ಲ ಗೋಡೆಗೆ ಒರಗಿಸಿಟ್ಟ ಹಲಗೆಯ ಹಾಗಿರುತ್ತಿದ್ದ. ಅದು ಅವನಲ್ಲ.

ನಾನಂತೂ ದೇವರಲ್ಲಿ ಮಗನನ್ನು ಬದುಕಿಸೆಂದು ಕೇಳಲಿಲ್ಲ. ಅಷ್ಟು ದೊಡ್ಡದನ್ನು ಕೇಳಬಾರದೆಂದು ನನಗೆ ಗೊತ್ತು. ನಾನು ಒಳಗೆ ಹೋಗಿ ನೋಡಿದ್ದನ್ನು ನನ್ನ ಕಣ್ಣಿನಿಂದ ಒರೆಸು, ಬೇರೆ ಏನನ್ನಾದರೂ ಅಲ್ಲಿ ಇಡು ಎಂದು ಬೇಡಿಕೊಂಡೆ.

ಅವನ ಸಲಕರಣೆಗಳ ಚೀಲವನ್ನು ತರಲು ಸಭಾಂಗಣಕ್ಕೆ ಹೋದೆ. ಅಲ್ಲಿ ಪ್ರದರ್ಶನದ ಜೊತೆ ಊರೂರು ತಿರುಗುವ ಒಬ್ಬ ಬೋಳುತಲೆಯ ಮನುಷ್ಯನಿದ್ದ. ಯಂತ್ರಗಳೆಲ್ಲ ಅವನ ವಶ. ಎಲ್ಲರೂ ಅವನನ್ನು ಪರದೆಯವನು ಎನ್ನುತ್ತಿದ್ದರು. ಚೀಲ ಕೊಟ್ಟು, "ಬನ್ನಿ ಯಜಮಾನ್ರೇ, ಒಂದು ತೋರಿಸ್ಬೇಕು. ತೋರಿಸ್ಬಾರ್ದೋ ಏನೋ" ಎಂದು ಕೊನೆಯ ಕೋಣೆಗೆ ಕರೆದುಕೊಂಡು ಹೋದ.

ಕತ್ತಲೆ. ಗೆರೆಯ ಒಳಗೆ ಒಂದಷ್ಟು ಜನ, ಗೋಡೆಯ ತುಂಬ ಮರಗಳು. ನಟ್ಟ ನಡುವೆ ಒಂದು ನೀಳ ಮರ. ಅದರ ಎಡಗೊಂಬೆಯ ಬುಡ ಬಲಕ್ಕಿಂತ ಒಂದಿಷ್ಟು ಕೆಳಗೆ. ನಾನು ನೋಡುತ್ತಿದ್ದಂತೆ ಅದು ತೂಕವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಿಸಿತು. ಎಡಗೊಂಬೆ ಒಮ್ಮೆ ಹಿಂದಕ್ಕೆ ಸುತ್ತಿ ಸಡಿಲವಾಯಿತು, ಏಣಿ ಇಳಿಸಿದ ಮೇಲೆ ಅವನು ಹೆಗಲು ಸುತ್ತುತ್ತಿದ್ದ ಹಾಗೆ. ಆಮೇಲೆ ಒಂದು ಕೊಂಬೆ ಮೇಲೆದ್ದು ಮರದ ತುದಿಯ ಹಿಂದಕ್ಕೆ ಹೋಯಿತು. ಅವನು ಕುತ್ತಿಗೆಯ ಹಿಂದೆ ಕೈಯಿಟ್ಟುಕೊಂಡು ಮೇಲಿನ ದೀಪ ನೋಡುತ್ತಿದ್ದ.

ಪರದೆಯವನು ಕುರ್ಚಿ ತಂದು, ಗೆರೆಯ ಹೊರಗೆ ಇಟ್ಟು, ನನ್ನನ್ನು ಕೂರಿಸಿದ.

"ಬೇರೆ ಮರಗಳೆಲ್ಲ ನೋಡೋಕೆ ಬಂದೋರವು" ಎಂದು ಅವನು ಹೇಳಿದ. "ಅವರು ಆ ಕಡೆ ಹೋದ್ರೆ ಈ ಕಡೆ ಬಾಡ್ತವೆ. ಎದುರಿಗೆ ಮನುಷ್ಯ ಇರೋವರೆಗೆ ಮರ. ಅದಕ್ಕೆ ಕಲಾವಿದ್ರು ಏನೋ ದೊಡ್ಡ ಅರ್ಥ ಇಟ್ಟಿದಾರೆ, ನನ್ನ ಬೋಳು ತಲೆಗೆ ಹತ್ತಿಲ್ಲ. ಇದು ಮಾತ್ರ ಅಳತೆಯ ಮರ. ಇದರ ಅಳತೆ ಇಟ್ಕೊಂಡೇ ಯಂತ್ರ ಮಿಕ್ಕಿದ್ದನ್ನ ಮಾಡೋದು. ಊರು ಬಿಡುವಾಗ ಅಳಿಸ್ತೀವಿ. ಮುಂದಿನ ಊರಲ್ಲಿ ಇನ್ನೊಬ್ಬರನ್ನ ನಿಲ್ಲಿಸ್ತೀವಿ."

ನಾನು ಅಳಿಸುವ ಮಾತನ್ನು ಕೇಳಿಸಿಕೊಂಡೆ, ಬಾಡುವ ಮಾತನ್ನೂ ಕೇಳಿಸಿಕೊಂಡೆ. ಎದುರಿಗೆ ಮನುಷ್ಯನಿಲ್ಲದಿದ್ದರೆ ಈ ಮರವೂ ಬಾಡುತ್ತದೆಯೇ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಬಾಡುತ್ತದೆಂದೇ ನನಗೆ ನಾನೇ ತೀರ್ಮಾನಿಸಿಕೊಂಡೆ. ಮುಳುಗುವವನು ಹುಲ್ಲುಕಡ್ಡಿಯ ಜಾತಿ ವಿಚಾರಿಸುತ್ತಾನೆಯೇ?

ಮರುದಿನದಿಂದ ಬೆಳಗಿನ ಪ್ರಾರ್ಥನೆ ಮುಗಿಸಿದವನೇ ಅಲ್ಲಿಗೆ ಹೋಗತೊಡಗಿದೆ. ಬಾಗಿಲು ಕಾಯುವವನು, "ಏನ್ ತಾತ, ಹಾಜರಿ ಹಾಕೋಕೆ ಬಂದ್ರಾ? ಸಂಬಳ ನಂಗೆ, ದುಡಿಮೆ ನಿಮಗೆ" ಎಂದು ಟಿಕೀಟು ಕೇಳದೆ ಒಳಗೆ ಬಿಡುತ್ತಿದ್ದ. ಜನ ಬರುವುದಕ್ಕೆ ಮುಂಚೆ ನಾನು ಬಿಳಿಗೆರೆಯ ಒಳಗೆ, ಮಗನ ಮರದ ಎದುರಿಗೆ ನಿಲ್ಲುತ್ತಿದ್ದೆ. ಕಾಲು ಸೋತರೂ ಕುರ್ಚಿಗೆ ಹೋಗುತ್ತಿರಲಿಲ್ಲ. ನಾನು ಸರಿದರೆ ಮರ ಬಾಡಿಬಿಟ್ಟರೆ? ಜನ ಬಂದು ವೃತ್ತದಲ್ಲಿ ನಿಂತಾಗಲೂ ಒಂದು ಅಂಚಿನಲ್ಲಿ ನಾನಿರುತ್ತಿದ್ದೆ. ಮಕ್ಕಳು ನನ್ನನ್ನು ಪ್ರದರ್ಶನದ ಒಂದು ಭಾಗವೆಂದು ತಿಳಿದು ಮುಟ್ಟಿ ನೋಡಿದ್ದೂ ಉಂಟು.

ಪರದೆಯವನು ನನ್ನನ್ನು ತಡೆಯಲಿಲ್ಲ. ಮುದುಕನ ಸಮಾಧಾನಕ್ಕೆ ನೋಡಿಕೊಂಡಿರಲಿ ಎಂದುಕೊಂಡನಂತೆ. ನಾನು ಎಲ್ಲಿ ನಿಲ್ಲುತ್ತೇನೆಂದಾಗಲಿ ಮರ ಹೇಗಿದೆಯೆಂದಾಗಲಿ ಅವನು ತಿರುಗಿಯೂ ನೋಡಲಿಲ್ಲ. ದಿನವೂ ಅದೇ ಕಾಡನ್ನು ನೋಡುವವನಿಗೆ ಮರ ಕಾಣುವುದಿಲ್ಲ.

ಕೆಲವು ದಿನ ಕಳೆದ ಮೇಲೆ ನನಗೆ ಒಂದು ವಿಶೇಷ ಕಂಡಿತು. ನಾನು ಮಾತಾಡಿದರೆ ಮರ ಅಲುಗುತ್ತಿತ್ತು. ನಾನು ಕೈ ಮುಗಿದರೆ ಎರಡು ಕೊಂಬೆಗಳು ಒಂದರ ಕಡೆಗೊಂದು ಬರುತ್ತಿದ್ದವು. ಇನ್ನೂ ಕೆಲವು ದಿನಕ್ಕೆ ಅದರ ತುದಿ ಮುಂದಕ್ಕೆ ಬಾಗಿತು. ನನ್ನ ಮಗ ನನಗಿಂತ ಒಂದು ಮೊಳ ಎತ್ತರ. ಕಿವಿ ಮಂದವಾದ ತಂದೆಯ ಜೊತೆ ಮಾತಾಡುವಾಗ ಅವನು ಹಾಗೆಯೇ ಬಾಗುತ್ತಿದ್ದ. ನಾನು ಅಲ್ಲೇ ಅತ್ತೆ. ದೇವರೇ, ನಾನು ಕೇಳಿದ್ದು ಹಿಡಿಯಷ್ಟು, ನೀನು ಕೊಟ್ಟಿದ್ದು ಮಡಿಲು ತುಂಬ ಎಂದೆ.

ಸೊಸೆಗೆ ಹೇಳಿದೆ. ಅವಳು ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ಪಾತ್ರೆ ತೊಳೆಯುತ್ತಿದ್ದಳು.

"ಅವನು ಬಾಗ್ತಾನಮ್ಮ. ನನ್ನ ಮಾತು ಕೇಳೋಕೆ ಬಾಗ್ತಾನೆ. ಒಂದು ಸಲ ಬಾ."

"ಈಗ ಬೇಡ ಮಾವ."

"ಬೇಡ ಅಂದ್ರೆ? ನಿಂತಿರೋದನ್ನ ನೋಡಬೇಕು ಅಂತ ನೀನೇ..."

"ನೋಡಬೇಕು. ಅದಕ್ಕೇ ಹೆದರಿಕೆ. ಒಂದು ಸಲ ನೋಡಿದ್ರೆ ದಿನಾ ಬೇಕು ಅನ್ಸುತ್ತೆ, ನಿಮ್ಮ ಹಾಗೆ. ಆಮೇಲೆ ಅವರು ಗಂಟುಮೂಟೆ ಕಟ್ಕೊಂಡು ಹೋಗ್ತಾರೆ. ಎರಡನೇ ಸಲ ಕಳ್ಕೊಳ್ಳೋ ಶಕ್ತಿ ನನಗಿಲ್ಲ." ಅವಳು ನಲ್ಲಿ ನಿಲ್ಲಿಸಿದಳು. "ಕೊನೇ ದಿನ ಬರ್ತೀನಿ. ಒಂದೇ ಸಲ ಕಣ್ತುಂಬ ನೋಡಿ ಬಿಟ್ಟುಬಿಡ್ತೀನಿ. ಅಲ್ಲಿವರೆಗೂ ನೀವು ನೋಡ್ಕೊಂಡಿರಿ."

ನೋಡಿಕೊಂಡಿರಿ ಎಂದು ಅವಳು ನನಗೆ ಒಪ್ಪಿಸಿದಳು. ನಾನು ಮತ್ತಷ್ಟು ನಿಷ್ಠೆಯಿಂದ ನಿಂತೆ. ಜ್ವರ ಬಂದ ದಿನವೂ ನಿಂತೆ. ಪರದೆಯವನ ಕೈಹಿಡಿದು ಬೇಡಿ, ಮರವನ್ನು ಅಳಿಸದಿರುವಂತೆ ಒಪ್ಪಿಸಿದೆ. "ಆಯ್ತು ಯಜಮಾನ್ರೇ. ಯಂತ್ರಕ್ಕೆ ಯಾರ ಅಳತೆ ಆದ್ರೇನು? ಇದನ್ನೇ ಮುಂದಿನ ಊರಿಗೂ ಒಯ್ತೀನಿ. ಮೇಲಿನವರು ಕೇಳಿದ್ರೆ ಏನಾದ್ರೂ ಸುಳ್ಳು ಹೇಳ್ತೀನಿ" ಎಂದ. ಒಳ್ಳೆಯ ಮನುಷ್ಯ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ.

ಕೊನೆಯ ದಿನ ಬಂತು. ಸೊಸೆ ಅರ್ಧ ದಿನ ರಜೆ ಹಾಕಿ, ತಲೆ ಬಾಚಿಕೊಂಡು, ಮಗನಿಗೆ ಇಷ್ಟವಾಗಿದ್ದ ನೀಲಿ ಬಟ್ಟೆ ಉಟ್ಟು ಬಂದಳು. ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಸಮುದ್ರದ ಕೋಣೆಯಲ್ಲಿ ಮೀನುಗಳ ಮೇಲೆ ನೋಡದೆ ನಡೆದಳು. ಮಂಜಿನ ಗುಡ್ಡ ಆ ಹೊತ್ತಿಗೆ ಮುಕ್ಕಾಲು ಕರಗಿತ್ತು. ಕಾಡಿನ ಕೋಣೆಯ ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡಳು.

"ಯಾವುದು?"

"ನಡುವಿಂದು."

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಆ ಮುಖದಲ್ಲಿ ಏನು ಅರಳಬಹುದೆಂದು ಎಷ್ಟು ದಿನ ಕಾದಿದ್ದೆ! ಅವಳು ನೋಡಿದಳು. ತಲೆ ಓರೆ ಮಾಡಿ ನೋಡಿದಳು. ಒಂದು ಹೆಜ್ಜೆ ಮುಂದೆ ಹೋದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾವ, ಇದು ನೀವು."

"ಏನಮ್ಮ?"

"ಇದು ನೀವು ಮಾವ. ನಿಮ್ಮ ಬೆನ್ನು. ನೀವು ಹೊಲಿಗೆಗೆ ಕೂತಾಗ ಇರೋ ಬೆನ್ನು. ಕೈ ನೋಡಿ, ನಡುಗ್ತಿದೆ. ಅವರೆಲ್ಲಿ?"

ನಾನು ಗೋಡೆಯ ಕಡೆ ತಿರುಗಿದೆ. ಅಲ್ಲಿಯವರೆಗೆ ನಾನು ತಂದೆಯ ಕಣ್ಣಿನಿಂದ ನೋಡುತ್ತಿದ್ದೆ. ಆಗ ಮೊದಲ ಸಲ ದರ್ಜಿಯ ಕಣ್ಣಿನಿಂದ ನೋಡಿದೆ. ಎರಡು ಹೆಗಲೂ ಸಮ. ಎದೆ ಒಳಕ್ಕೆ ಹೋಗಿದೆ. ಕುತ್ತಿಗೆಯ ಬುಡದಲ್ಲಿ ಗೂನು. ಬಲಗೊಂಬೆಯ ತುದಿ ಸಣ್ಣಗೆ ಕಂಪಿಸುತ್ತಿದೆ. ಸಾಯುವ ಕಾಲಕ್ಕೆ ಬಂದ ಒಬ್ಬ ದರ್ಜಿಯ ಮೈ. ಅದಕ್ಕೊಂದು ಅಂಗಿ ಕತ್ತರಿಸೆಂದರೆ ನನ್ನದೇ ಅಂಗಿಯ ಅಳತೆ ಹಿಡಿಯುತ್ತಿದ್ದೆ.

ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ಪರದೆಯವನು ಓಡಿಬಂದ. ಮರವನ್ನು ನೋಡಿದ, ನನ್ನನ್ನು ನೋಡಿದ, ನೆಲದ ಗೆರೆಯನ್ನು ನೋಡಿದ.

"ನೀವು ದಿನಾ ಗೆರೆ ಒಳಗೇ ನಿಂತಿದ್ರಾ?"

"ಮತ್ತೆ? ಬಾಡ್ತದೆ ಅಂದ್ಯಲ್ಲಪ್ಪ?"

"ಅಯ್ಯೋ, ಇದು ಬಾಡಲ್ಲ ಯಜಮಾನ್ರೇ. ಅಳತೆಯ ಮರ ಬಾಡಲ್ಲ. ಆದ್ರೆ ಗೆರೆ ಒಳಗೆ ಯಾರೇ ಬಹಳ ಹೊತ್ತು ನಿಂತ್ರೂ ಇದು ಅವರಿಂದ ಒಂಚೂರು ಕಲೀತಾ ಹೋಗುತ್ತೆ. ಬಂದು ಹೋಗೋ ಜನ ಎಷ್ಟು ಹೊತ್ತು ನಿಲ್ತಾರೆ, ಅವರಿಂದ ಏನೂ ಆಗಲ್ಲ. ನೀವು..." ಅವನು ಬೋಳುತಲೆಯ ಮೇಲೆ ಕೈಯಿಟ್ಟುಕೊಂಡ. "ಆ ಕುರ್ಚಿ ಮೇಲೆ ಕೂತು ನೋಡಿದ್ರೆ..."

ಕುರ್ಚಿ ಗೆರೆಯಿಂದ ಒಂದು ಮಾರು ಹಿಂದಿತ್ತು. ನನಗಾಗಿಯೇ ತಂದಿಟ್ಟ ಕುರ್ಚಿ. ನಾನು ದೇವರ ಕೊಡುಗೆಯೆಂದು ಕೈಮುಗಿದದ್ದೆಲ್ಲ ನನ್ನ ಕೈಗಳಿಗೇ. ಮಗ ನನ್ನ ಮಾತಿಗೆ ಬಾಗಲಿಲ್ಲ. ನಾನು ದಿನದಿನವೂ ಅವನನ್ನು ಬಗ್ಗಿಸಿ, ಕುಗ್ಗಿಸಿ, ಅವನ ಹೆಗಲು ಸರಿಮಾಡಿ ಅಳಿಸಿಹಾಕಿದ್ದೆ.

"ಹಳೇದು ಎಲ್ಲಾದ್ರೂ ಇಟ್ಟಿದೀರಾ?" ಸೊಸೆ ಕೇಳಿದಳು. ಅವಳ ದನಿ ಔಷಧಿ ಅಂಗಡಿಯಲ್ಲಿ ಗಿರಾಕಿಗಳೊಡನೆ ಮಾತಾಡುವ ದನಿಯಾಗಿತ್ತು.

"ಇಡಲ್ಲಮ್ಮ. ಮೇಲಿಂದ ಮೇಲೆ ಬರೀತಾ ಹೋಗುತ್ತೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ನಾನು ಅವಳ ಕೈಹಿಡಿದು, "ತಡಿಯಮ್ಮ, ತಡಿ. ಕಲಿಯುತ್ತೆ ಅಂದ್ನಲ್ಲ, ಕಲಿಸೋಣ" ಎಂದೆ. ಗೆರೆಯ ಒಳಗೆ ಹೋದೆ. ಬೆನ್ನು ನೆಟ್ಟಗೆ ಮಾಡಿದೆ. ಎಷ್ಟೋ ವರ್ಷದಿಂದ ನೆಟ್ಟಗಾಗದ ಬೆನ್ನು ಕಟಕಟ ಎಂದಿತು. ಎಡ ಹೆಗಲನ್ನು ಒಂದು ಬೆರಳು ಇಳಿಸಿದೆ. ಹೆಗಲು ಹಿಂದಕ್ಕೆ ಸುತ್ತಿದೆ. ಎಡಗೈ ಎತ್ತಿ ಕುತ್ತಿಗೆಯ ಹಿಂದಿಟ್ಟು ಮೇಲೆ ನೋಡಿದೆ. ಮರ ನೆಟ್ಟಗಾಯಿತು. "ನೋಡಮ್ಮ! ಬಂದ ನೋಡು!"

"ಅಲ್ಲ ಮಾವ. ಕುತ್ತಿಗೆಗೆ ಬಲಗೈ ಇಡ್ತಿದ್ರು."

"ಎಡಗೈ ಕಣಮ್ಮ."

"ಬಲಗೈ. ನನಗೆ ಗೊತ್ತಿಲ್ವಾ?"

"ಹುಟ್ಟಿದಾಗಿಂದ ನೋಡಿದೀನಿ ನಾನು."

"ನಾನು ಪಕ್ಕದಲ್ಲೇ ನಿಂತು ನೋಡಿದೀನಿ! ನೀವು ನೋಡಿದ್ದು ಬೆನ್ನು!"

ಬಲಗೈ ಇಟ್ಟೆ. ಅದು ಸರಿಯೆನಿಸಿತು. ಎಡಗೈ ಇಟ್ಟೆ. ಅದೂ ಸರಿಯೆನಿಸಿತು. ತೂಕ ಯಾವ ಕಾಲಿನ ಮೇಲೆ? ಅವಳು ಒಂದು ಹೇಳಿದಳು, ನಾನು ಒಂದು ಹೇಳಿದೆ. "ಅಷ್ಟು ಬೇಗ ಅಲ್ಲ ಮಾವ, ಅವರು ನಿಧಾನ." "ತಲೆ ಹಾಗಲ್ಲ." "ಅಲ್ಲ, ಅಲ್ಲ." ಕೊನೆಗೆ ಅವಳೇ ಗೆರೆಯೊಳಗೆ ಬಂದು, ಅವನು ಹೇಗೆ ನಿಲ್ಲುತ್ತಿದ್ದನೆಂದು ನಿಂತು ತೋರಿಸಿದಳು. ಗೋಡೆಯ ಮೇಲಿನ ಮರ ಅವಳ ಸೊಂಟವನ್ನೂ ನನ್ನ ಗೂನನ್ನೂ ಒಟ್ಟಿಗೆ ತೆಗೆದುಕೊಂಡು, ಗಾಳಿಗೆ ಸಿಕ್ಕ ಹಾಗೆ ಎತ್ತೆತ್ತಲೋ ತೂಗಾಡಿತು. ಹಿಂದೆ ನಿಂತಿದ್ದ ಜನ ಇದೂ ಒಂದು ಕಲೆಯೆಂದು ತಿಳಿದು ಚಪ್ಪಾಳೆ ಹೊಡೆದರು. ಒಬ್ಬ ಫೋನಿನಲ್ಲಿ ಚಿತ್ರ ತೆಗೆದುಕೊಂಡ.

ಚಪ್ಪಾಳೆ ಕೇಳಿ ಸೊಸೆ ನಿಂತುಬಿಟ್ಟಳು. ಗೆರೆ ದಾಟಿ ಹೊರಗೆ ಹೋದಳು.

ಸಂಜೆ ಬಾಗಿಲು ಮುಚ್ಚುವ ಹೊತ್ತಾಯಿತು. ಜನರನ್ನೆಲ್ಲ ಕಳಿಸಿ ಪರದೆಯವನು ನಮ್ಮಿಬ್ಬರ ಮುಂದೆ ಬಂದು ನಿಂತ. ಆಚೆಯ ಕೋಣೆಗಳಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಸದ್ದು ಶುರುವಾಗಿತ್ತು.

"ಏನು ಮಾಡ್ಲಿ? ಉಳಿಸ್ಲಾ, ಅಳಿಸ್ಲಾ?"

"ಅಳಿಸಿಬಿಡಿ" ಎಂದಳು ಸೊಸೆ.

"ಬೇಡ" ಎಂದೆ ನಾನು.

"ಅದರಲ್ಲಿ ಅವರಿಲ್ಲ ಮಾವ."

"ಒಂದು ಎಳೆ ಇದ್ರೆ? ಒಂದು ಎಳೆ ಉಳಿದಿದ್ರೆ?"

ಅವಳು ಪರದೆಯವನ ಕಡೆ ನೋಡಿದಳು. ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇದ್ರೂ ಇರಬಹುದಮ್ಮ. ಬೇರೆ ಮಾಡಿ ತೆಗೆಯೋಕೆ ಬರಲ್ಲ. ಇದನ್ನ ಮುಂದಿನ ಊರಿಗೆ ಒಯ್ದ್ರೆ ಅಲ್ಲೂ ಯಾರೋ ಬಹಳ ಹೊತ್ತು ನಿಲ್ತಾರೆ. ಅವರದ್ದೂ ಸೇರ್ತಾ ಹೋಗುತ್ತೆ."

ದೇವರ ಮುಂದೆ ಕೂತು, ನಿನ್ನದನ್ನು ನೀನು ತೆಗೆದುಕೋ, ನನ್ನದೇನಿದೆ ಎಂದು ನಾನು ಅದೆಷ್ಟು ಸಲ ಹೇಳಿದ್ದೇನೋ. ಮನಸ್ಸಿಟ್ಟೇ ಹೇಳಿದ್ದೆ. ಆ ಮಾತನ್ನು ಅಲ್ಲಿ ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು "ಇರಲಿ" ಎಂಬುದೊಂದೇ.

"ಮುಂದಿನ ಊರು ಯಾವುದಪ್ಪ?" ಎಂದು ಕೇಳಿದೆ.

ಅವನು ಹೇಳಿದ. ದೂರದ ಊರು. ಹೆಸರು ಮಾತ್ರ ಕೇಳಿ ಗೊತ್ತಿತ್ತು.

"ಬಸ್ಸು ಹೋಗುತ್ತಾ ಅಲ್ಲಿಗೆ? ಈ ಸಲ ಗೆರೆ ಒಳಗೆ ಬರಲ್ಲ. ದೂರ ಕೂತ್ಕೋತೀನಿ. ಬೇರೆಯವರು ಬಹಳ ಹೊತ್ತು ನಿಲ್ಲದ ಹಾಗೆ ನೋಡ್ಕೋತೀನಿ, ಅಷ್ಟೇ."

ಪರದೆಯವನು ತಲೆ ತಗ್ಗಿಸಿದ. ಬಾಗಿಲ ಹತ್ತಿರ ಹೋಗಿದ್ದ ಸೊಸೆ ಅಲ್ಲಿಂದಲೇ ತಿರುಗಿ ನಿಂತಳು.

"ನೀವು ಅಲ್ಲಿ ಹೋಗಿ ಅದನ್ನ ಕಾಯ್ತಾ ಕೂತ್ರೆ, ನಾನು ಮನೇಲಿ ಯಾರ ಮುಖ ನೋಡ್ಲಿ ಮಾವ?"

ಪೆಟ್ಟಿಗೆ ಕಟ್ಟುವವರು ಬಂದು ಕೋಣೆಯ ದೊಡ್ಡ ದೀಪಗಳನ್ನು ಹಾಕಿದರು. ಬೆಳಕಿಗೆ ಕಾಡು ತೆಳ್ಳಗಾಗಿ, ಬಿಳಿಚಿಕೊಂಡು, ಸುಣ್ಣದ ಗೋಡೆಯ ಮೇಲೆ ನೀರಿನ ಕಲೆಯಷ್ಟೇ ಕಂಡಿತು. ಆ ಕಲೆ ಇನ್ನೂ ಅಲುಗುತ್ತಿತ್ತು. ಎಡಗಡೆ ಒಂದು ಬೆರಳು ಇಳಿದಂತೆ ತೋರಿತು. ಇಲ್ಲವೆಂದೂ ತೋರಿತು. ಸೊಸೆ ಬಂದು ನನ್ನ ತೋಳು ಹಿಡಿದು ಎಳೆದಳು. ಕಣ್ಣು ಕಿರಿದು ಮಾಡಿಕೊಂಡು ನಾನು ನೋಡುತ್ತಲೇ ಇದ್ದೆ. ನನ್ನ ಕಾಲು ಏಳಲಿಲ್ಲ.